ರಕ್ತದಲ್ಲಿ ಕೊಬ್ಬು ಜಾಸ್ತಿಯಾದರೆ ರೆಟಿನಾಗೆ ಏನಾಗುತ್ತದೆ?

ಕೊಲೆಸ್ಟ್ರಾಲ್ ಹೃದಯದ ಸಮಸ್ಯೆ ಅಲ್ವಾ, ಕಣ್ಣಿಗೇನು ಸಂಬಂಧ ಅಂತ ಕೇಳಿದ್ದೀರಿ. ಸಂಬಂಧ ಇದೆ. ಕಣ್ಣಿನ ಹಿಂಭಾಗದಲ್ಲಿದ್ದು ಬೆಳಕನ್ನು ನರದ ಸಂಕೇತವಾಗಿ ಬದಲಿಸುವ ಪದರವಾದ ರೆಟಿನಾಗೆ ಆಮ್ಲಜನಕ ತುಂಬಾ ಬೇಕು, ಅದನ್ನು ತಲುಪಿಸುವ ನಾಳಗಳೋ ಬಹಳ ಸಣ್ಣವು.

ಕತ್ತಿನ ರಕ್ತನಾಳದ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಚೂರೊಂದು ಕಿತ್ತು ಬಂದು ರೆಟಿನಾದ ನಾಳದಲ್ಲಿ ಸಿಕ್ಕಿಕೊಂಡರೆ, ನೋವೇ ಇಲ್ಲದೆ ಒಂದು ಕಣ್ಣು ದಿಢೀರನೆ ಕತ್ತಲಾಗಬಹುದು. ನಾಲ್ಕು ನಿಮಿಷದಲ್ಲಿ ಸರಿಹೋಯಿತು ಅಂತ ದಯವಿಟ್ಟು ಸುಮ್ನೆ ಇರಬೇಡಿ. ಅದು ಪಾರ್ಶ್ವವಾಯುವಿನ ಮುನ್ಸೂಚನೆ ಆಗಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಲ್ಲಿ ನಾಳಗಳು ಮೊದಲೇ ಸೋರುತ್ತಿರುತ್ತವೆ. ಸೋರಿದ ಕೊಬ್ಬು ಹಳದಿ ಚುಕ್ಕೆಗಳಾಗಿ ಕೂರುತ್ತದೆ. ನಟ್ಟನಡುವಿನ ಮ್ಯಾಕ್ಯುಲಾದಲ್ಲಿ ಕೂತರೆ ಓದುವುದು, ಮುಖ ಗುರುತಿಸುವುದು ಕಷ್ಟವಾಗುತ್ತದೆ. 2010ರ ಅಕಾರ್ಡ್ ಐ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮಾತ್ರ ತೆಗೆದುಕೊಂಡ ಮಧುಮೇಹಿಗಳಲ್ಲಿ 4 ವರ್ಷದಲ್ಲಿ 10.2% ಜನರ ರೆಟಿನಾ ಇನ್ನಷ್ಟು ಕೆಟ್ಟಿತ್ತು, ಜೊತೆಗೆ ರಕ್ತದ ಕೊಬ್ಬು ಇಳಿಸುವ ಇನ್ನೊಂದು ಔಷಧಿ ಫೆನೋಫೈಬ್ರೇಟ್ ಸೇರಿಸಿದವರಲ್ಲಿ ಅದು 6.5%. ಇದನ್ನು ನಿಮ್ಮ ಡಾಕ್ಟರ ಹತ್ತಿರ ಖಂಡಿತ ಕೇಳಿ.

ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 2500 mg/dL ದಾಟಿದರೆ ರೆಟಿನಾದ ನಾಳಗಳು ಹಾಲಿನ ಬಣ್ಣಕ್ಕೆ ತಿರುಗಬಹುದು. ದೃಷ್ಟಿ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ, ಕೊಬ್ಬು ಇಳಿದಂತೆ ಬಣ್ಣವೂ ಸರಿಹೋಗುತ್ತದೆ.