ಹಾರ್ಡ್‌ಡಿಸ್ಕ್ ಹೋದರೂ ಕೀ ಹೋಗಬಾರದು

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಕಳೆದ ತಿಂಗಳು ಹಾರ್ಡ್‌ಡಿಸ್ಕ್ ಏಕಾಏಕಿ ಕೆಟ್ಟಿತು. ಕೆಲಸದ ಫೈಲುಗಳ ಪ್ರತಿ ಬೇರೆ ಕಡೆ ಇತ್ತು. ಆದರೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳ ಕೀಗಳೆಲ್ಲ (ಅವನ್ನು ಚಾಲೂ ಮಾಡಲು ಹಾಕುವ ಅಕ್ಷರ, ಅಂಕಿಗಳ ಸಾಲುಗಳು) ಅದೇ ಕಂಪ್ಯೂಟರಿನ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿದ್ದವು. ಮುಂದೆ ಹೀಗಾಗದಂತೆ ಅವನ್ನು ಎಲ್ಲಿ, ಹೇಗೆ ಇಡಬೇಕು?
– ದಾವಣಗೆರೆಯ ಓದುಗರು

ಉತ್ತರ: ಮೊದಲು ಹಳೆಯ ಡಿಸ್ಕನ್ನು ಬಿಸಾಡಬೇಡಿ. ವಿಂಡೋಸ್ ಶುರುವಾಗುತ್ತಿಲ್ಲ ಎಂದ ಮಾತ್ರಕ್ಕೆ ಡಿಸ್ಕ್ ಸತ್ತಿದೆ ಎಂದಲ್ಲ. ಅದನ್ನು ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಹಾಕಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. ಫೋಲ್ಡರ್‌ಗಳು ಕಂಡರೆ ಆ ನೋಟ್‌ಪ್ಯಾಡ್ ಫೈಲೇ ಸಿಗಬಹುದು. ಒಳಗಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ತಕ್ಷಣ ಕಿತ್ತುಬಿಡಿ, ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ಹಾಳಾಗುತ್ತದೆ. ಫೈಲು ಸಿಗದೆ ವಿಂಡೋಸ್ ಫೋಲ್ಡರ್ ಮಾತ್ರ ಓದಲು ಬಂದರೆ, ಪ್ರೊಡ್ಯುಕೀ ಎಂಬ ಉಚಿತ ಸಾಧನಕ್ಕೆ ಆ ಫೋಲ್ಡರನ್ನು ತೋರಿಸಿ. ವಿಂಡೋಸಿನ ಕೀ, ಆಫೀಸ್ 2010 ಮತ್ತು ಅದಕ್ಕೂ ಹಿಂದಿನವುಗಳ ಕೀ ಇದ್ದರೆ ಅದು ತೆಗೆದುಕೊಡುತ್ತದೆ. ಆ್ಯಂಟಿವೈರಸ್ ಅದನ್ನು ಅಪಾಯಕಾರಿ ಎಂದು ತಡೆಯುವುದುಂಟು. ಆದ್ದರಿಂದ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಆಫೀಸ್ 2013ರಿಂದ ಈಚಿನವುಗಳಲ್ಲಿ ಈ ದಾರಿ ನಡೆಯದು. ಅವು ಕಂಪ್ಯೂಟರಿನಲ್ಲಿ ಉಳಿಸುವುದು ಕೀಯ ಕೊನೆಯ 5 ಅಕ್ಷರಗಳನ್ನಷ್ಟೇ.

ಇನ್ನು ಮುಂದಿನ ವ್ಯವಸ್ಥೆ. ಬರೀ ಕೀ ಬರೆದಿಟ್ಟರೆ ಸಾಲದು. ಅದರ ಜೊತೆಗೆ ಸಾಫ್ಟ್‌ವೇರಿನ ಹೆಸರು ಮತ್ತು ಆವೃತ್ತಿ, ನೋಂದಣಿ ಮಾಡಿದ ಇಮೇಲ್, ಬಿಲ್ ಅಥವಾ ಆರ್ಡರ್ ನಂಬರ್, ಕೊಂಡ ದಿನಾಂಕ, ಎಷ್ಟು ಕಂಪ್ಯೂಟರಿಗೆ ಅನುಮತಿ ಇದೆ, ಈಗ ಯಾವುದರಲ್ಲಿ ಹಾಕಿದೆ ಎಂಬುದೂ ಇರಬೇಕು. ಕೀ ಕಳೆದುಹೋದಾಗ ಕಂಪನಿಯವರು ಮೊದಲು ಕೇಳುವುದೇ ಇಮೇಲ್ ಮತ್ತು ಆರ್ಡರ್ ನಂಬರ್. ಆ ಇಮೇಲ್ ನಿಮ್ಮದೇ ಇರಲಿ. ರಿಪೇರಿಗೆ ಬಂದ ಹುಡುಗ ತನ್ನ ಇಮೇಲಿನಿಂದ ಆ್ಯಕ್ಟಿವೇಟ್ ಮಾಡಿಕೊಟ್ಟರೆ, ಲೈಸೆನ್ಸ್ ಹೆಸರಿಗಷ್ಟೇ ನಿಮ್ಮದು. ಬಳಸದ ಇಮೇಲ್ ಕೂಡ ನೆಚ್ಚಿಕೊಳ್ಳುವಂಥದ್ದಲ್ಲ. 2 ವರ್ಷ ಒಮ್ಮೆಯೂ ತೆರೆಯದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು.

ಇನ್‌ಸ್ಟಾಲ್ ಮಾಡುವ ಮೂಲ ಫೈಲನ್ನೂ ಕೀಯ ಜೊತೆಗೇ ಇಡಿ. 10ನೇ ಆವೃತ್ತಿಯ ಕೀಯನ್ನು 12ನೇ ಆವೃತ್ತಿ ಒಪ್ಪದಿರಬಹುದು, ಹಳೆಯ ಆವೃತ್ತಿಯನ್ನು ಕಂಪನಿ ತನ್ನ ತಾಣದಿಂದ ತೆಗೆದುಹಾಕಿರಬಹುದು. ಆಗ ಕೈಯಲ್ಲಿ ಕೀ ಇದ್ದೂ ಉಪಯೋಗವಿಲ್ಲ.

ಇಡುವ ಜಾಗ ಎರಡಿರಲಿ. ಒಂದು ಕಾಗದ, ಇನ್ನೊಂದು ಬೀಗ ಹಾಕಿದ ಫೈಲು. ಫೈಲಿಗೆ ಕೀಪಾಸ್ ಎಂಬ ತಂತ್ರಾಂಶ ಸಾಕು, ಅದು ಎಲ್ಲವನ್ನೂ ಒಂದು ಪಾಸ್‌ವರ್ಡಿನ ಹಿಂದೆ ಬೀಗ ಹಾಕಿಡುತ್ತದೆ, ಉಚಿತ. ಪ್ರತಿ ಸಾಫ್ಟ್‌ವೇರಿಗೂ ಒಂದೊಂದು ನಮೂದು ಮಾಡಿ, ಲೈಸೆನ್ಸ್ ಫೈಲು, ಬಿಲ್ಲಿನ ಫೋಟೊಗಳನ್ನು ಅದಕ್ಕೇ ಲಗತ್ತಿಸಬಹುದು. ಎಲ್ಲವೂ ಸೇರಿ ಒಂದೇ ಫೈಲು. ಅದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಗೆ ಹೋಗಲಿ, ಇನ್ನೊಂದು ಗೂಗಲ್ ಡ್ರೈವಿನಲ್ಲಿರಲಿ. ಅದನ್ನು ತೆರೆಯುವ ಪಾಸ್‌ವರ್ಡ್ ಮರೆತರೆ ಬೇರೆ ದಾರಿಯೇ ಇಲ್ಲ. ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿ, ಜಾಗದ ಪತ್ರಗಳ ಜೊತೆ ಇಡಿ. ಪೆನ್‌ಡ್ರೈವ್ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಬರೆದದ್ದು ಅಳಿಯಬಹುದು. ಆಯುಧಪೂಜೆಗೆ ಅಂಗಡಿ ಒರೆಸುವಾಗ ಅದನ್ನೂ ಒಮ್ಮೆ ಹಾಕಿ ತೆರೆದು ನೋಡಿ.

ಬಿಲ್ಲಿನ ವಿಷಯ. ಅಂಗಡಿಗಳ ನುಣುಪು ಕಾಗದದ ಬಿಲ್ಲುಗಳು ಥರ್ಮಲ್ ಕಾಗದದವು, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಬಹುದು. ಕಾಪಾಡೋಣ ಎಂದು ಬಿಸಿ ಲ್ಯಾಮಿನೇಷನ್ ಮಾಡಿಸಿದಿರೋ, ಇಡೀ ಬಿಲ್ಲು ಕಪ್ಪಾಗುತ್ತದೆ. ಆ ಕಾಗದದಲ್ಲಿ ಅಕ್ಷರ ಮೂಡುವುದೇ ಬಿಸಿಯಿಂದ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ.

ನಿಮ್ಮಲ್ಲಿ ಕನ್ನಡ ಲಿಪಿ ತಂತ್ರಾಂಶದ ಯುಎಸ್‌ಬಿ ಲಾಕ್ (ಪೆನ್‌ಡ್ರೈವಿನಂತೆ ಸಿಕ್ಕಿಸುವ ಸಾಧನ) ಇದ್ದರೆ, ಅದರ ಲೈಸೆನ್ಸ್ ಆ ಲಾಕಿನೊಳಗೇ ಇದೆ. ಅದನ್ನು ನಕಲು ಮಾಡಿಡಲು ಬರುವುದಿಲ್ಲ. ಲಾಕಿನ ಮೇಲೆ ಬರೆದಿರುವ ನಂಬರಿನ ಫೋಟೊ ಮತ್ತು ಡ್ರೈವರ್ ಫೈಲು ಇಟ್ಟುಕೊಳ್ಳಿ. ಸಿಪಿಯುವಿನ ಮುಂದಿನ ಪೋರ್ಟಿಗೆ ಸಿಕ್ಕಿಸಬೇಡಿ, ಮೊಣಕಾಲು ತಾಗಿ ಮುರಿದೀತು. ಹಿಂದೆ ಹಾಕಿ.

ಪ್ರಶ್ನೆ: ಲ್ಯಾಪ್‌ಟಾಪಿನ ಅಡಿಯಲ್ಲಿ ವಿಂಡೋಸ್ ಕೀ ಇರುವ ಸ್ಟಿಕ್ಕರ್ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಲೈಸೆನ್ಸ್ ಹೋಗುತ್ತದೆಯೇ?
– ಶಿವಮೊಗ್ಗದ ಓದುಗರು

ಉತ್ತರ: ಹೋಗುವುದಿಲ್ಲ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪುಗಳ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಅದೇ ಎಡಿಷನ್ (ಹೋಮ್ ಅಥವಾ ಪ್ರೊ) ಮತ್ತೆ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಹೋಮ್ ಇದ್ದ ಕಡೆ ಪ್ರೊ ಹಾಕಿದರೆ ಆಗದು. ತೊಂದರೆ ಬರುವುದು ಮದರ್‌ಬೋರ್ಡೇ ಬದಲಾದಾಗ. ಅದಕ್ಕೆ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಆ್ಯಕ್ಟಿವೇಷನ್‌ಗೆ ಹೋಗಿ, ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆಯೇ ನೋಡಿ. ಜೋಡಣೆಯಾಗಿದ್ದರೂ, ಲ್ಯಾಪ್‌ಟಾಪಿನ ಜೊತೆ ಬಂದ ಲೈಸೆನ್ಸ್ ಹೊಸ ಬೋರ್ಡಿಗೆ ದಾಟುತ್ತದೆ ಎಂಬ ಖಾತ್ರಿಯಿಲ್ಲ. ಪ್ರತ್ಯೇಕವಾಗಿ ಕೊಂಡ ರೀಟೇಲ್ ಲೈಸೆನ್ಸ್ ದಾಟುತ್ತದೆ.

ಒಂದು ಎಚ್ಚರಿಕೆ: ಕೀ ಹುಡುಕುವ ಸಾಧನ 3ವಿ66ಟಿ ಅಥವಾ 8ಎಚ್‌ವಿಎಕ್ಸ್7 ಎಂದು ಮುಗಿಯುವ ಕೀ ತೋರಿಸಿದರೆ ಅದನ್ನು ಜೋಪಾನ ಮಾಡಿ ಫಲವಿಲ್ಲ. ಅವು ಪ್ರೊ ಮತ್ತು ಹೋಮ್‌ಗೆ ಎಲ್ಲರಿಗೂ ಸಿಗುವ ಸಾಮಾನ್ಯ ಕೀಗಳು. ನಿಮ್ಮ ಲೈಸೆನ್ಸಿನ ಗುರುತು ಅದರಲ್ಲಿಲ್ಲ.

ಪ್ರಶ್ನೆ: ಟ್ಯಾಲಿ ಇರುವ ಕಂಪ್ಯೂಟರನ್ನು ಬದಲಿಸಬೇಕು. ಸೀರಿಯಲ್ ನಂಬರ್ ಬರೆದಿಟ್ಟಿದ್ದೇವೆ, ಸಾಕೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಸಾಲದು. ಹಳೆಯ ಕಂಪ್ಯೂಟರ್ ಚಾಲೂ ಇರುವಾಗಲೇ, ಇಂಟರ್‌ನೆಟ್ ಹಾಕಿ, ಲೈಸೆನ್ಸ್ ವಿಭಾಗದಲ್ಲಿ ಸರೆಂಡರ್ ಮಾಡಿ, ಅಂದರೆ ಲೈಸೆನ್ಸನ್ನು ಆ ಕಂಪ್ಯೂಟರಿನಿಂದ ಬಿಡಿಸಿ. ಸಿಲ್ವರ್ ಲೈಸೆನ್ಸ್ ಒಂದೇ ಯಂತ್ರದ್ದು. ಸರೆಂಡರ್ ಮಾಡದೆ ಫಾರ್ಮ್ಯಾಟ್ ಮಾಡಿದರೆ, ಅದು ಹಳೆಯದರಲ್ಲೇ ಇದೆ ಎಂದು ಸರ್ವರ್ ಲೆಕ್ಕ ಹಾಕುತ್ತದೆ. ಯಂತ್ರವೇ ಸತ್ತಿದ್ದರೆ ರೀಸೆಟ್ ಮಾಡಬೇಕು, ಅದಕ್ಕೆ ನೋಂದಾಯಿಸಿದ ಇಮೇಲ್ ಬೇಕೇ ಬೇಕು. ಅದು ಬಿಟ್ಟುಹೋದ ಅಕೌಂಟೆಂಟರದ್ದಾಗಿದ್ದರೆ ಈಗಲೇ ಬದಲಿಸಿಕೊಳ್ಳಿ. ಲೈಸೆನ್ಸ್ ಬೇರೆ, ಲೆಕ್ಕ ಬೇರೆ. ಡೇಟಾ ಫೋಲ್ಡರಿನಲ್ಲಿ ಸಂಖ್ಯೆಯ ಹೆಸರಿರುವ ಫೋಲ್ಡರುಗಳನ್ನು ಪ್ರತ್ಯೇಕವಾಗಿ ಪ್ರತಿ ಮಾಡಿ.

ಪ್ರಶ್ನೆ: ಸರಿಯಾಗಿ ಬರೆದಿಟ್ಟ ಕೀಗಳೂ 'ತಪ್ಪು' ಎನ್ನುತ್ತವೆ. ಕೆಲವು ಎಕ್ಸೆಲ್‌ನಲ್ಲಿವೆ, ಕೆಲವು ವರ್ಡ್‌ನಲ್ಲಿ, ಒಂದೆರಡು ಕನ್ನಡ ಅಕ್ಷರದಂತೆ ಕಾಣುತ್ತವೆ!
– ಮೈಸೂರಿನ ಓದುಗರು

ಉತ್ತರ: ಎಕ್ಸೆಲ್ 15 ಅಂಕಿಗಿಂತ ಉದ್ದದ ಸಂಖ್ಯೆಯ ಉಳಿದ ಅಂಕಿಗಳನ್ನೆಲ್ಲ ಸೊನ್ನೆ ಮಾಡುತ್ತದೆ, ಮೊದಲಲ್ಲಿರುವ ಸೊನ್ನೆಯನ್ನು ನುಂಗುತ್ತದೆ. ಹೀಗೆ ಹೋದದ್ದು ಮರಳಿ ಬಾರದು. ಮುಂದೆ ಕಾಲಮ್ಮನ್ನು ಟೆಕ್ಸ್ಟ್ ಎಂದು ಬದಲಿಸಿದ ಮೇಲೆಯೇ ತುಂಬಿ. ವರ್ಡ್ ಎರಡು ಅಡ್ಡಗೆರೆಗಳನ್ನು ಸೇರಿಸಿ ಒಂದು ಉದ್ದಗೆರೆ ಮಾಡುತ್ತದೆ. ಕನ್ನಡದಂತೆ ಕಾಣುವುದು ನುಡಿಯಂಥ ಹಳೆಯ ಫಾಂಟಿನ ಕೆಲಸ. ಇಂಗ್ಲಿಷ್ ಅಕ್ಷರ ಒಳಗೆ ಹಾಗೇ ಇದೆ, ಆಯ್ಕೆ ಮಾಡಿ ಫಾಂಟನ್ನು ಕೊರಿಯರ್ ನ್ಯೂ ಮಾಡಿದರೆ ಕಾಣುತ್ತದೆ. ಯೂನಿಕೋಡ್ ಪರಿವರ್ತಕಕ್ಕೆ ಮಾತ್ರ ಹಾಕಬೇಡಿ, ಆಗ ನಿಜವಾಗಿಯೇ ಕೆಡುತ್ತದೆ.

ಮಾಸಿದ ವಿಂಡೋಸ್ ಸ್ಟಿಕ್ಕರ್ ಓದುವಾಗ ನೆನಪಿಡಿ: ಆ 25 ಅಕ್ಷರಗಳಲ್ಲಿ ಎ, ಇ, ಐ, ಒ, ಯು ಇರುವುದಿಲ್ಲ. ಎಲ್, ಎಸ್, ಝಡ್ ಇಲ್ಲ, 0, 1, 5 ಕೂಡ ಇಲ್ಲ. ಸೊನ್ನೆಯಂತೆ ಕಂಡರೆ ಅದು ಕ್ಯೂ ಅಥವಾ ಡಿ ಇರಬಹುದು. ಬಿ ಮತ್ತು 8, ಜಿ ಮತ್ತು 6, ಇವೆರಡು ಜೋಡಿಯನ್ನು ಮಾತ್ರ ಅದಲುಬದಲು ಮಾಡಿ ಪ್ರಯತ್ನಿಸಿ.

ಪ್ರಶ್ನೆ: ಮಗಳ ಹೊಸ ಲ್ಯಾಪ್‌ಟಾಪು 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೊಟ್ಟಿದೆ. ಇದನ್ನೂ ಕಾಪಾಡಬೇಕೇ?
– ಮಂಗಳೂರಿನ ಓದುಗರು

ಉತ್ತರ: ಎಲ್ಲಕ್ಕಿಂತ ಮೊದಲು ಇದನ್ನು. ಬಿಟ್‌ಲಾಕರ್ ಎಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಬೇರೆ ಕೀ ಹೋದರೆ ದುಡ್ಡು ಹೋಗುತ್ತದೆ. ಮದರ್‌ಬೋರ್ಡ್ ಕೆಟ್ಟು ಡಿಸ್ಕನ್ನು ಬೇರೆ ಕಡೆ ಹಾಕಿದಾಗ ಈ ಕೀ ಇಲ್ಲದಿದ್ದರೆ ಫೋಟೊ, ಪ್ರಾಜೆಕ್ಟ್ ಯಾವುದೂ ತೆರೆಯದು, ರಿಪೇರಿಯವರಿಂದಲೂ ಆಗದು. ಅದು ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿದೆಯೇ ಎಂದು ಫೋನಿನಿಂದ ಲಾಗಿನ್ ಆಗಿ ನೋಡಿ. ಕಾಗದದಲ್ಲೂ ಬರೆದಿಡಿ, ಜೊತೆಗೆ ಕೀ ಐಡಿಯ ಮೊದಲ 8 ಅಕ್ಷರಗಳನ್ನೂ. ಎರಡು ಲ್ಯಾಪ್‌ಟಾಪ್ ಇದ್ದಾಗ ಯಾವ ಕೀ ಯಾವುದರದ್ದೆಂದು ತಿಳಿಯುವುದು ಅದರಿಂದಲೇ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಕಂಪ್ಯೂಟರೂ ಬೇಡ. ಆ ಕೀಯಲ್ಲಿ 6 ಅಂಕಿಗಳ 8 ಗುಂಪುಗಳಿವೆ, ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಶಾಲೆಯಲ್ಲಿ ಕಲಿತ ಸೂತ್ರವನ್ನೇ ಹಾಕಿ. 346027 ಎಂಬ ಗುಂಪಿದ್ದರೆ 3, 6, 2 ಕೂಡಿದರೆ 11, ಉಳಿದ 4, 0, 7 ಕೂಡಿದರೂ 11. ಎರಡು ಮೊತ್ತ ಸಮವಾಗಿರಬೇಕು, ಇಲ್ಲವೇ ವ್ಯತ್ಯಾಸ 11 ಅಥವಾ 22 ಇರಬೇಕು. ಕೊನೆಯ 7 ಅನ್ನು 1 ಎಂದು ಬರೆದುಕೊಂಡಿದ್ದರೆ ವ್ಯತ್ಯಾಸ 6 ಬರುತ್ತದೆ, ತಪ್ಪು ಆ ಗುಂಪಿನಲ್ಲೇ ಇದೆ ಎಂದು ಗೊತ್ತಾಗುತ್ತದೆ. ಅಕ್ಕಪಕ್ಕದ ಅಂಕಿಗಳು ಹಿಂದುಮುಂದಾಗಿದ್ದರೂ ಇದು ಹಿಡಿದುಕೊಡುತ್ತದೆ.