ಡಿಜಿಟಲ್ ಸಹಿ ಸರಿ ಇದ್ದರೆ ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಳ್ಳಬಹುದಾ?

ಪಿಡಿಎಫ್ ಕನ್ವರ್ಟರ್ ಒಂದನ್ನು ಇಳಿಸಿಕೊಂಡಿದ್ದೀರಿ, ಅದರ ಡಿಜಿಟಲ್ ಸಹಿ, ಅಂದರೆ ಫೈಲ್ ಯಾರದ್ದು ಅಂತ ತೋರಿಸುವ ಗುರುತು, ಸರಿ ಇದೆ ಅಂತ ವಿಂಡೋಸ್ ಹೇಳ್ತಿದೆ, ಇನ್ನೇನು ಭಯ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ತೆರೆಯಬೇಡಿ. 2018ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ.

ಮಂಡ್ಯದಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಮದುವೆ ಸೀಸನ್, ಲಗ್ನಪತ್ರಿಕೆಯ ಕೆಲಸ ಜಾಸ್ತಿ. ಪ್ರಿಂಟರ್ ಕೈಕೊಟ್ಟಿತು. ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ನೆಟ್‌ನಲ್ಲಿ ಹುಡುಕಿ, ಮೊದಲು ಬಂದ ಲಿಂಕನ್ನೇ ಒತ್ತಿದೆ. ಅದು ಜಾಹೀರಾತು ಅಂತ ನೋಡಲಿಲ್ಲ. ಫೈಲ್ ತೆರೆದಾಗ ವಿಂಡೋಸ್ ಅನುಮತಿ ಕೇಳುವ ಬಾಕ್ಸ್ ನೀಲಿ ಬಣ್ಣದಲ್ಲಿ ಬಂತು. ಹಳದಿ ಬಂದಿದ್ದರೆ ನಿಲ್ಲಿಸುತ್ತಿದ್ದೆ, ಸಹಿ ಇಲ್ಲದ ಫೈಲಿಗೆ ಹಳದಿ ಅಂತ ಗೊತ್ತಿತ್ತು. ನೀಲಿ ಅಂದರೆ ಒಳ್ಳೇದು ಅಂತ ನನ್ನ ಲೆಕ್ಕ.

ನನ್ನ ತಪ್ಪು ಇಲ್ಲೇ. ಬಾಕ್ಸಿನಲ್ಲಿ ಮೇಲೆ ಪ್ರಿಂಟರ್ ಕಂಪನಿಯ ಹೆಸರಿತ್ತು. ಅದು ಪ್ರೋಗ್ರಾಮಿನ ಹೆಸರು, ಯಾರು ಏನು ಬೇಕಾದರೂ ಇಡಬಹುದು. ಅದರ ಕೆಳಗಿನ ಸಾಲು ‘ವೆರಿಫೈಡ್ ಪಬ್ಲಿಷರ್’. ಸಹಿ ಹಾಕಿದವರ ಹೆಸರು ಇರುವುದು ಆ ಸಾಲಿನಲ್ಲಿ. ಅಲ್ಲಿ ಇದ್ದದ್ದು ನಾನು ಕೇಳಿಯೇ ಇಲ್ಲದ ಯಾವುದೋ ಕಂಪನಿ. ನಾನು ‘ವೆರಿಫೈಡ್’ ಅನ್ನುವ ಪದ ಓದಿದೆ, ಪಕ್ಕದ ಹೆಸರು ಓದಲಿಲ್ಲ. ‘ಎಸ್’ ಒತ್ತಿದೆ. ಎರಡು ಸೆಕೆಂಡಿನ ಕೆಲಸ ಅದು, ಓದಿದ್ದರೆ ಮುಗಿಯುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ದುಡ್ಡು ಕೊಡಿ ಅಂತ ಒಂದು ಚೀಟಿ ಮಾತ್ರ ತೆರೆಯಿತು. ಬಿ.ಎಡ್ ಓದುವ ಹುಡುಗಿಯೊಬ್ಬಳ ಪ್ರಾಜೆಕ್ಟ್, ನುಡಿಯಲ್ಲಿ ಟೈಪ್ ಮಾಡಿದ್ದ 84 ಪುಟ, ಅದರಲ್ಲಿ ಹೋಯಿತು. ಅವಳು ಕೌಂಟರ್ ಮುಂದೆ ನಿಂತು ‘ಅಣ್ಣಾ, ಸೋಮವಾರ ಕೊಡಬೇಕು’ ಅಂದಳು. ಅವಳ ಹಸ್ತಪ್ರತಿ ಇಟ್ಟುಕೊಂಡು ನಾನೂ ನಮ್ಮ ಮನೆಯವರೂ ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು.

ಹಾಗಾಗಿ ‘ಸಹಿ ಸರಿ ಇದೆಯಾ’ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಯಾರ ಸಹಿ ಅಂತ ಕೇಳಿ. ಬೆಲ್ಲದ ಪೆಟ್ಟಿಗೆ ಮೇಲಿನ ಚೀಟಿ ಯಾವ ಆಲೆಮನೆಯದು ಅಂತ ಹೇಳುತ್ತೆ, ಸಕ್ಕರೆ ಬೆರೆಸಿದ್ದಾರಾ ಅಂತ ಹೇಳಲ್ಲ. ಸಹಿಯೂ ಅಷ್ಟೇ: ಇಂಥವರು ಹಾಕಿದ್ದು, ಆಮೇಲೆ ಫೈಲನ್ನು ಯಾರೂ ಬದಲಿಸಿಲ್ಲ. ಹೆಸರು ಸರಿ ಇದ್ದರೂ ಪೂರ್ತಿ ನಂಬುವ ಹಾಗಿಲ್ಲ. 2017ರಲ್ಲಿ ಕಂಪ್ಯೂಟರ್ ಕ್ಲೀನ್ ಮಾಡುವ ಸಾಫ್ಟ್‌ವೇರ್ ಸಿಕ್ಲೀನರ್ 5.33ರ ಒಳಗೇ ಯಾರೋ ಕೆಟ್ಟ ಕೋಡ್ ಸೇರಿಸಿದ್ದರು. ಸಹಿ ಕಂಪನಿಯದ್ದೇ, ಸಿಕ್ಕಿದ್ದೂ ಕಂಪನಿಯ ಸೈಟಿನಲ್ಲೇ. ಸುಮಾರು 22 ಲಕ್ಷ ಜನರ ಕಂಪ್ಯೂಟರಿಗೆ ಹೋಯಿತು.

ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಹ್ಯಾಷ್, ಅಂದರೆ ಫೈಲ್ ಬದಲಾದರೆ ತಾನೂ ಬದಲಾಗುವ ಉದ್ದದ ಕೋಡ್, ಹೋಲಿಸಿ ಅಂತ ಕೆಲವರು ಹೇಳ್ತಾರೆ. ಫೈಲ್ ಬದಲಿಸಿದವನು ಅದೇ ಪುಟದ ಹ್ಯಾಷ್ ಬದಲಿಸಲ್ವಾ? ನಾನು ಅದಕ್ಕೆ ಜಾಸ್ತಿ ಬೆಲೆ ಕೊಡಲ್ಲ. ತಯಾರಿಸಿದವರ ಸೈಟಿನ ವಿಳಾಸ ನೀವೇ ಟೈಪ್ ಮಾಡಿ ಅಲ್ಲಿಂದ ಇಳಿಸಿಕೊಳ್ಳಿ, ಹಲವು ಆಂಟಿವೈರಸ್‌ಗಳಲ್ಲಿ ಒಟ್ಟಿಗೇ ಪರೀಕ್ಷಿಸುವ ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಿ. ವರ್ಡ್‌ನಲ್ಲೇ ಪಿಡಿಎಫ್ ಆಗಿ ಸೇವ್ ಮಾಡಬಹುದು, ಅಷ್ಟೇ ಬೇಕಿದ್ದರೆ ಕನ್ವರ್ಟರ್ ಸುಮ್ನೆ ಯಾಕೆ?

ಈಗ ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ತೆರೆಯಿರಿ. ಅಲ್ಲಿರುವ ಹೆಸರನ್ನು ಇಲ್ಲಿ ಬರೆಯಿರಿ, ನೋಡಿ ಹೇಳ್ತೀನಿ.