ಪ್ರತಿಕ್ರಿಯೆ: ಸ್ಮಾರ್ಟ್‌ಫೋನ್ ಅಗತ್ಯವೋ, ಐಷಾರಾಮವೋ?

ಮನೆಯ ಲೆಕ್ಕದಲ್ಲಿ ಸ್ಮಾರ್ಟ್‌ಫೋನನ್ನು ಅಗತ್ಯವೆಂದು ಬರೆಯಬೇಕೋ ಐಷಾರಾಮವೆಂದೋ, ಅದನ್ನು ತೀರ್ಮಾನಿಸುವ ಅಳತೆಯಾದರೂ ಯಾವುದು ಎಂದು ನೀವು ಕೇಳಿದ್ದೀರಿ.

ಅರ್ಥಶಾಸ್ತ್ರಜ್ಞರು ಈ ಭೇದವನ್ನು ವಸ್ತುವಿನ ಹೆಸರು ನೋಡಿ ಮಾಡುವುದಿಲ್ಲ. ಆದಾಯ ಶೇಕಡಾ 10ರಷ್ಟು ಏರಿದಾಗ ಒಂದು ವಸ್ತುವಿನ ಬೇಡಿಕೆ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಏರಿದರೆ ಅದು ಅಗತ್ಯ, ಶೇಕಡಾ 10ನ್ನು ಮೀರಿ ಏರಿದರೆ ಐಷಾರಾಮ. ಆದಾಯ ಹೆಚ್ಚಿದಂತೆ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಇಳಿಯುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ತೋರಿಸಿದ್ದು ಇದೇ ದಾರಿಯ ಮೊದಲ ಹೆಜ್ಜೆಗಳಲ್ಲೊಂದು.

ಆದರೆ ಈ ಅಳತೆ ಬಹುಜನರ ನಡವಳಿಕೆಯನ್ನು ಹೇಳುತ್ತದೆಯೇ ಹೊರತು ನಿಮ್ಮೊಬ್ಬರ ಮನೆಯ ಪರಿಸ್ಥಿತಿಯನ್ನಲ್ಲ. ನಿಮ್ಮ ಪ್ರಶ್ನೆಗೆ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಕೊಟ್ಟ ಉದಾಹರಣೆ ಹೆಚ್ಚು ಹತ್ತಿರವಾದುದೆಂದು ನನಗೆ ಅನಿಸುತ್ತದೆ: ಪ್ರಾಚೀನ ಗ್ರೀಕರೂ ರೋಮನ್ನರೂ ನಾರುಬಟ್ಟೆಯ ಅಂಗಿಯಿಲ್ಲದೆ ಸುಖವಾಗಿಯೇ ಬದುಕಿದ್ದರು, ಆದರೆ ತನ್ನ ಕಾಲದ ಯುರೋಪಿನ ಬಹುಭಾಗದಲ್ಲಿ ಮರ್ಯಾದಸ್ಥ ದಿನಗೂಲಿಯವನೊಬ್ಬ ಆ ಅಂಗಿಯಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯವೇ ಎಂಬುದು ಅವನ ವಾದ. ಉದ್ಯೋಗದ ಕರೆ, ಬ್ಯಾಂಕಿನ ವ್ಯವಹಾರ, ಮಕ್ಕಳ ಶಾಲೆಯ ಸೂಚನೆ ಎಲ್ಲವೂ ಫೋನಿನ ಮೂಲಕವೇ ಬರುವಾಗ, ಅದಿಲ್ಲದವರು ಸಮಾಜದ ಹೊರಗೇ ಉಳಿಯುತ್ತಾರೆ. ಹಾಗಿರುವಾಗ ಫೋನು ಕೊಳ್ಳುವವರನ್ನು ದುಂದುಗಾರರೆಂದು ಜರೆಯುವುದು ಅನ್ಯಾಯ.

ಹಾಗೆಂದು ಫೋನಿನ ಪೂರ್ತಿ ಬೆಲೆ ಅಗತ್ಯದ ಖಾತೆಗೆ ಸೇರಬೇಕಿಲ್ಲ. ಈ ಕೆಲಸಗಳಿಗೆ ಸಾಕಾಗುವ, ಕೆಲವು ವರ್ಷ ಬಾಳುವ ಫೋನಿನ ಬೆಲೆಯನ್ನು ಅಗತ್ಯದಲ್ಲಿ ಬರೆದು, ಅದರ ಮೇಲೆ ನೀವು ಕೊಟ್ಟ ಮೊತ್ತವನ್ನು ಮಾತ್ರ ಐಷಾರಾಮದಲ್ಲಿ ಬರೆಯಿರಿ.